ಕ್ಯಾಸೆಟ್ ತಿರುಗಿಸಿದ ಹೊತ್ತು

ನಮ್ಮ ಚಿಕ್ಕಪ್ಪನಿಗೆ ಸಂಗೀತ ಬರುವುದಿಲ್ಲ. ಆದರೆ ಕುಮಾರಸ್ವಾಮಿ ಲೇಔಟಿನ ಸಂಗೀತಗಾರರೆಲ್ಲ ಅವರನ್ನು ಕಂಡರೆ ರಸ್ತೆ ದಾಟುತ್ತಾರೆ! ಸಿಕ್ಕಿದರೆ ಚಿಕ್ಕಪ್ಪ ಕಚೇರಿ ಚೆನ್ನಾಗಿತ್ತು ಎನ್ನುವುದಿಲ್ಲ, "ರೆಕಾರ್ಡ್ ಮಾಡಿದೀರಾ?" ಎನ್ನುತ್ತಾರೆ.

ಪ್ರಾಯದಲ್ಲಿ ಅವರು ಕಚೇರಿಗೆ ಹೋಗುತ್ತಿದ್ದುದೇ ಟೇಪ್ ರೆಕಾರ್ಡರ್ ಹೊತ್ತು. ಪಕ್ಕದವರು ಕೆಮ್ಮಿದರೆ ಸಾಕು, ಜೇಬಿನಿಂದ ಶುಂಠಿ ಪೆಪ್ಪರಮೆಂಟು ತೆಗೆದು ಚಾಚುತ್ತಿದ್ದರು. ಅದನ್ನು ಔದಾರ್ಯವೆಂದು ತಿಳಿದವರೂ ಉಂಟು! ಮದುವೆಯಾದ ಹೊಸತರಲ್ಲಿ ಚಿಕ್ಕಮ್ಮನಿಗೂ ಒಂದು ಷರತ್ತು: ಕಚೇರಿಗೆ ಗಾಜಿನ ಬಳೆ ಬೇಡ. "ಹೊಸ ಮದುಮಗಳು ಬರಿಗೈಲಿ ಹೋಗೋಕಾಗುತ್ತಾ?" ಎಂದ ಚಿಕ್ಕಮ್ಮ ಕಚೇರಿಗೆ ಹೋಗುವುದನ್ನೇ ಬಿಟ್ಟರು. ರೆಕಾರ್ಡಿಂಗ್ ಮಾತ್ರ ಚೊಕ್ಕಟವಾಗಿ ಬಂತಂತೆ.

ಇಂಥವರ ಹಳೆಯ ಕ್ಯಾಸೆಟ್ಟುಗಳನ್ನು ಈಚೆಗೆ ಜೆ.ಪಿ. ನಗರದ ಗಾಯಕಿಯೊಬ್ಬರು ಒಯ್ದು ಆಲಿಸಿದರು. ಒಂದರಲ್ಲಿ, ಜಯನಗರದ ರಾಮನವಮಿ ಚಪ್ಪರದಲ್ಲಿ ವೃದ್ಧ ವಿದ್ವಾಂಸರೊಬ್ಬರು ಹಾಡಿದ ಕೃತಿ ಸಿಕ್ಕಿತು. ಅದು ಬೇರೆಲ್ಲೂ ಇಲ್ಲ, ಯಾರಿಗೂ ಪಾಠವಾಗಿಲ್ಲ, ಆ ವಿದ್ವಾಂಸರೂ ಈಗಿಲ್ಲ. ಗಾಯಕಿ ಅದನ್ನು ಹೊಸದಾಗಿ ಧ್ವನಿಮುದ್ರಿಸಲು ಹೊರಟರು. ಚಿಕ್ಕಪ್ಪ ಬೀಗಿದ್ದೇ ಬೀಗಿದ್ದು! ಆದರೆ ಚರಣದ ನಡುವೆ ಟಕ್ಕೆಂದು ಸದ್ದು. ಒಂದು ಸಾಲು ಮಾಯ. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದು, ಚಿಕ್ಕಪ್ಪ ಅದನ್ನು ತಿರುಗಿಸಿ ಹಾಕುವಷ್ಟರಲ್ಲಿ ವಿದ್ವಾಂಸರು ಆ ಸಾಲು ಮುಗಿಸಿ ಮುಂದೆ ಹೋಗಿದ್ದರು.

ಶುರುವಾಯಿತು ಬೇಟೆ. ಅಂದು ಚಪ್ಪರದಲ್ಲಿದ್ದ ಹಿರಿಯರನ್ನು ಹುಡುಕಿಕೊಂಡು, ನನ್ನ ಸ್ಕೂಟರಿನ ಹಿಂದೆ ಕೂತು, ಚಿಕ್ಕಪ್ಪ ಚಿಕ್ಕಲಸಂದ್ರದಿಂದ ಅಂಜನಾಪುರದವರೆಗೆ ಅಲೆದರು. ಎಲ್ಲರಿಗೂ ಆ ಕಚೇರಿ ಚೆನ್ನಾಗಿ ನೆನಪಿತ್ತು.

"ಮರೆಯೋಕಾಗುತ್ತಾ ಸಾರ್? ಪಾನಕಕ್ಕೆ ಏಲಕ್ಕಿ ಹದವಾಗಿ ಬಿದ್ದಿತ್ತು," ಎಂದರು ಒಬ್ಬರು.

"ಕೋಸಂಬರಿ ನಮ್ಮ ಹತ್ರ ಬರೋಷ್ಟರಲ್ಲಿ ಖಾಲಿ," ಎಂದ ಇನ್ನೊಬ್ಬರ ಸಿಟ್ಟು ಇವತ್ತಿಗೂ ಇಳಿದಿರಲಿಲ್ಲ. ಸಾಹಿತ್ಯ ಮಾತ್ರ ಯಾರ ತಲೆಯಲ್ಲೂ ಉಳಿದಿರಲಿಲ್ಲ.

"ಆ ಜಾಗಕ್ಕೆ ಬೇರೆ ಪದ ಬರೆಸಿ ಹಾಡ್ಲಾ ಅಂಕಲ್?" ಎಂದು ಗಾಯಕಿ ಕೇಳಿದರು.

"ಬೇಡಮ್ಮ. ಕಳೆದವನು ನಾನು, ಹಂಗೇ ಇರ್ಲಿ," ಎಂದರು ಚಿಕ್ಕಪ್ಪ.

ಹೊಸ ಮುದ್ರಣ ಬಂತು. ಕಳೆದ ಸಾಲಿನ ಜಾಗದಲ್ಲಿ ಗಾಯಕಿ ಸುಮ್ಮನಾಗುತ್ತಾರೆ. ಹಿಂದಿನ ಸಾಲಿನ ಧಾಟಿಯಲ್ಲೇ ಪಿಟೀಲೊಂದೇ ನುಡಿಯುತ್ತದೆ. ಚಿಕ್ಕಪ್ಪ ಇನ್ನಾದರೂ ಸುಖವಾಗಿ ಕೇಳಲಿ ಎಂದು ನನ್ನ ಫೋನಿನಲ್ಲಿ ಹಾಕಿದೆ. ಆ ಜಾಗ ಬಂದಾಗ ಚಿಕ್ಕಪ್ಪನ ತಾಳ ನಿಂತಿತು.

"ಎದುರಿಗೇ ಕೂತಿದ್ದೆ ಕಣೋ," ಎಂದರು. "ಅವರು ಹಾಡ್ತಾನೇ ಇದ್ರು. ನಾನು ಕ್ಯಾಸೆಟ್ ನೋಡ್ತಿದ್ದೆ."

ಅಷ್ಟು ದಿನ ಅವರನ್ನು ಕಂಡು ನಗುತ್ತಿದ್ದ ನಾನು ಅವರ ಕೈ ಹಿಡಿದುಕೊಂಡೆ.

"ಇನ್ನೊಂದ್ಸಲ ಹಾಕು," ಎಂದರು. "ಈಗ ಕೇಳಿಸ್ಕೋತೀನಿ."