ಅಪ್ಪನ ಡಬ್ಬಿಗೆ ನಾಲ್ಕು ತೂತು

ನನ್ನ ತಂದೆ ನನಗೆ ಬಿಟ್ಟುಹೋದದ್ದು ಎರಡೇ: ಒಂದು ಹಿತ್ತಾಳೆಯ ಎಲೆ-ಅಡಿಕೆ ಡಬ್ಬಿ, ಇನ್ನೊಂದು ಸಿಟ್ಟು. ಸಿಟ್ಟು ಈಗಲೂ ಅಖಂಡವಾಗಿದೆ. ಡಬ್ಬಿಗೆ ನಾಲ್ಕು ತೂತು ಬಿದ್ದಿವೆ.

ತೂತು ಕೊರೆದವಳು ನನ್ನ ಧರ್ಮಪತ್ನಿ ವಿದ್ಯಾವತಿ. ನಮ್ಮೂರು ಇಂಡಿಯ ಒಂದು ಐ.ಟಿ.ಐ.ಯಲ್ಲಿ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನದೇನೂ ತಕರಾರಿರಲಿಲ್ಲ. 2003ರ ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡ್ ಎದುರಿಗೆ ಇಂಟರ್ನೆಟ್ ಅಂಗಡಿ ತೆರೆಯಿತು. ಅಲ್ಲಿ ಅವಳಿಗೆ ಒಂದು ಕೂಟ ಸಿಕ್ಕಿತು. ಮನೆಯಲ್ಲೇ ಕೂತು ಗಿಟಾರಿನ ಪೆಡಲ್ ಮಾಡುವ ಹವ್ಯಾಸದವರು ದೇಶ ದೇಶಗಳಿಂದ ಒಬ್ಬರಿಗೊಬ್ಬರು ಬರೆದುಕೊಳ್ಳುವ ಕೂಟ. (ಪೆಡಲ್ ಎಂದರೆ ಗಿಟಾರಿಗೂ ಸ್ಪೀಕರಿಗೂ ನಡುವೆ ಇಡುವ ಸಣ್ಣ ಪೆಟ್ಟಿಗೆ. ಕಾಲಿನಿಂದ ಒತ್ತಿದರೆ ಗಿಟಾರಿನ ಇಂಪಾದ ದನಿ, ಕಬ್ಬು ಹೇರಿದ ಟ್ರ್ಯಾಕ್ಟರ್ ಏರು ಹತ್ತುವ ದನಿಯಾಗುತ್ತದೆ. ಇದನ್ನು ಬೇಕೆಂದೇ ಮಾಡುತ್ತಾರೆ.)

ಈ ಉದ್ಯಮದಲ್ಲಿ ಅವಳ ಪಾಲುದಾರಳು ಪಕ್ಕದ ಮನೆಯ ತರನ್ನುಮ. ಬ್ಲೌಸ್ ಹೊಲಿಯುವ ಕೈ. ಬೆಸುಗೆಯೂ ಅಷ್ಟೇ ಅಚ್ಚುಕಟ್ಟು. ಅವಳ ಗಂಡ ರಮಜಾನ ಹಗಲು ಲಿಂಬೆ ಹರಾಜು ಕೂಗುವ ಸವಾಲಿನ ಅಂಗಡಿಯಲ್ಲಿ ಗುಮಾಸ್ತ, ಮದುವೆಗಳಲ್ಲಿ ಆರ್ಕೆಸ್ಟ್ರಾದ ಗಿಟಾರಿಸ್ಟ್. ಪೆಡಲ್ ಅವನಿಗಾಗಿ. ಹೊಗೆ ನನಗಾಗಿ.

ನಾನು ಹೈಸ್ಕೂಲಿನ ಹೆಡ್ ಕ್ಲಾರ್ಕ್. ಸಂಜೆ ಐದೂವರೆಗೆ ಮನೆಗೆ ಬಂದರೆ ಅಡಿಗೆಮನೆಯ ಕಟ್ಟೆಯ ಮೇಲೆ ವೈರು, ಟ್ರಾನ್ಸಿಸ್ಟರು. ಶೇಂಗಾ ಚಟ್ನಿ ಎಂದು ಚಮಚ ಹಾಕಿದರೆ ಸ್ಕ್ರೂಗಳು. ಇದನ್ನಾದರೂ ಸಹಿಸಬಹುದಿತ್ತು. ಆರ್ಮಡಿಲೊವನ್ನು ಸಹಿಸುವುದು ಸಾಧ್ಯವಿರಲಿಲ್ಲ.

ಆರ್ಮಡಿಲೊ ಅಮೆರಿಕದ ಕಡೆಯ ಒಂದು ಪ್ರಾಣಿ. ಗಾತ್ರ ಬೆಕ್ಕಿನದು, ಮೂತಿ ಹಂದಿಯದು, ಬೆನ್ನ ಮೇಲೆ ಗಟ್ಟಿ ಚಿಪ್ಪು. ಪೆಡಲ್ ಕೂಟದವರಿಗೆ ವೈರಿನ ಮಾತು ಬೇಸರವಾದಾಗ ಈ ಪ್ರಾಣಿಯ ಮಾತು ಶುರುವಾಗುತ್ತಿತ್ತು. ಟೆಕ್ಸಾಸಿನಲ್ಲಿ ಒಬ್ಬನ ತೋಟಕ್ಕೆ ಒಂದು ಬಂದು ಸೇರಿಕೊಂಡಿತ್ತಂತೆ. ವಿದ್ಯಾವತಿ ಅದರ ವಾರದ ವರದಿಯನ್ನು ಪ್ರಿಂಟ್ ಹಾಕಿಸಿ ತಂದು ಕನ್ನಡದಲ್ಲಿ ಓದಿ ಹೇಳುತ್ತಿದ್ದಳು.

“ಅಕ್ಕಾರ, ಈ ವಾರ ಏನು ಮಾಡ್ತಂತ್ರಿ ಅದು?” ಎಂದಳು ತರನ್ನುಮ ಒಂದು ಸಂಜೆ.

“ನಾಕು ಮರಿ ಹಾಕೈತಂತವಾ. ನಾಕೂ ಒಂದ ನಮೂನಿ. ಯಾವಾಗ ಹಾಕಿದ್ರೂ ನಾಕ ಅಂತ.”

“ಯಾ ಅಲ್ಲಾ! ಬಾಣಂತಿತನ ಯಾರು ಮಾಡ್ತಾರ್ರಿ?”

ನಾನು ಬಾಗಿಲಲ್ಲೇ ನಿಂತು ಗುಡುಗಿದೆ: “ಇಲ್ಲೊಬ್ಬ ಮನಷ್ಯಾ ಚಾ ಇಲ್ಲದ ಸಾಯಾಕತ್ತಾನ. ಅವನ ಸುದ್ದಿ ಟೆಕ್ಸಾಸಕ್ಕ ಯಾರರ ಬರದೀರೇನು?”

“ನಿಮಗ ಚಿಪ್ಪಿಲ್ಲಲ್ರಿ, ಅದಕ್ಕ ಬರದಿಲ್ಲ,” ಎಂದಳು ವಿದ್ಯಾವತಿ, ತಲೆ ಎತ್ತದೆ. “ಹಾಲು ಫ್ರಿಜ್‌ನ್ಯಾಗ ಐತಿ.”

ದೀಪಾವಳಿ ಮುಗಿದ ವಾರ ನನ್ನ ಡಬ್ಬಿ ಕಾಣೆಯಾಯಿತು. ಹುಡುಕಿದಾಗ ಅದು ಕಟ್ಟೆಯ ಮೇಲೆ, ನಾಲ್ಕು ಹೊಸ ತೂತುಗಳೊಂದಿಗೆ, ಎರಡು ಗುಂಡಿ, ಒಂದು ಕೆಂಪು ದೀಪ ಧರಿಸಿ, ವೈರಿನ ಬಾಲ ಬಿಟ್ಟು ಕುಳಿತಿತ್ತು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ‘ಆರ್ಮಡಿಲೊ’ ಎಂದು ಬರೆದಿತ್ತು.

“ನಮ್ಮಪ್ಪನ ಡಬ್ಬಿ ಇದು!”

“ಪೆಡಲಿಗೆ ಪೂರಾ ಲೋಹದ ಡಬ್ಬಿ ಬೇಕ್ರಿ. ಮನಿಯೊಳಗ ಇಷ್ಟು ಗಟ್ಟೀದು ಬ್ಯಾರೆ ಇಲ್ಲ. ಮತ್ತ ಡಾಕ್ಟರು ನಿಮಗ ಎಲಿ ಬಿಡ್ರಿ ಅಂದ ಆರು ತಿಂಗಳಾತು. ನಾ ಬಿಡಿಸೇನಿ.”

“ನಮ್ಮಪ್ಪನ ಡಬ್ಬಿ ಮ್ಯಾಲ ರಮಜಾನ ಕಾಲಿಡಬೇಕೇನು?”

ಮೂಲೆಯಲ್ಲಿ ನಿಂತಿದ್ದ ರಮಜಾನ ಸಂಕೋಚದಿಂದ ಮುದ್ದೆಯಾದ. “ಸರ, ಚಪ್ಪಲಿ ತಗದು, ಕೈ ಮುಗದು ಇಡ್ತೇನ್ರಿ.”

“ಚಿಪ್ಪಿಲ್ಲಂದ್ರ ಹೊರಗಿಂದೆಲ್ಲಾ ಒಳಗ ಬರ್ತೈತ್ರಿ ಸರ,” ಎಂದಳು ತರನ್ನುಮ. ಮತ್ತೆ ಆ ಪ್ರಾಣಿಯ ಪುರಾಣವೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗಲೇ ಡಬ್ಬಿ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳದಿರಲು ಕಾರಣವಿತ್ತು. ನಮ್ಮ ಸಾಲೆಯ ವಾರ್ಷಿಕ ಗ್ಯಾದರಿಂಗಿಗೆ ಹತ್ತೊಂಬತ್ತು ವರ್ಷದಿಂದ ಹಾಡುವವರ ಯಾದಿ ಟೈಪ್ ಮಾಡುತ್ತ ಬಂದವನು ನಾನು. ಒಮ್ಮೆಯೂ ಅದರಲ್ಲಿ ನನ್ನ ಹೆಸರಿರಲಿಲ್ಲ. ಈ ಸಲ ಹೆಡ್ ಮಾಸ್ತರ ಗುರುಲಿಂಗಪ್ಪನವರು ಒಪ್ಪಿದ್ದರು: ‘ಬಸಂತರಾಯ, ಸ್ವರಚಿತ ಭಾವಗೀತೆ, ಸಂಜೆ 6.45.’ ಗಿಟಾರಿಗೆ ರಮಜಾನ. ಊರಲ್ಲಿ ಬೇರೆ ಗಿಟಾರ್ ಇರಲಿಲ್ಲ. ಆದ್ದರಿಂದ ಎರಡು ತಿಂಗಳು ಸಿಟ್ಟನ್ನು ಬಾಯಲ್ಲಿಟ್ಟುಕೊಂಡು ಓಡಾಡಿದೆ. ಎಲೆ ಹಾಕಿಕೊಳ್ಳಲು ಡಬ್ಬಿಯೂ ಇಲ್ಲದ್ದರಿಂದ ಬಾಯಲ್ಲಿ ಜಾಗವಿತ್ತು.

ಗ್ಯಾದರಿಂಗಿನ ದಿನ ಬೆಳಗ್ಗೆ ತಡೆಯಲಾಗಲಿಲ್ಲ. ದವಡೆಯಲ್ಲಿ ಎಲೆ ಇಲ್ಲದೆ ನನ್ನ ಗಂಟಲು ತೆರೆಯುವುದಿಲ್ಲ. ಅಪ್ಪನ ಡಬ್ಬಿ ಜೇಬಿನಲ್ಲಿಲ್ಲದೆ ನಾನು ವೇದಿಕೆ ಹತ್ತುವುದೆ? ವಿದ್ಯಾವತಿ ಕೆಲಸಕ್ಕೆ ಹೋದ ಕೂಡಲೇ ನಾನು ರಜಾ ಹಾಕಿ ಶಸ್ತ್ರಚಿಕಿತ್ಸೆಗೆ ಕುಳಿತೆ. ಡಬ್ಬಿಯ ಹೊಟ್ಟೆಯಲ್ಲಿದ್ದದ್ದು ಕಡ್ಡಿಪೆಟ್ಟಿಗೆಯಷ್ಟು ಹಲಗೆ, ಒಂದು ಬ್ಯಾಟರಿ, ಐದಾರು ವೈರು. ಇಷ್ಟಕ್ಕೆ ನನ್ನ ಪಿತ್ರಾರ್ಜಿತ ಆಸ್ತಿ! ಬಚ್ಚಲಿನಿಂದ ದಪ್ಪ ಪ್ಲಾಸ್ಟಿಕ್ಕಿನ ಹಸಿರು ಸಾಬೂನು ಡಬ್ಬಿ ತಂದೆ. ಮೊಳೆ ಕಾಯಿಸಿ ನಾಲ್ಕು ತೂತು ಮಾಡಿದೆ. ಸಾಮಾನನ್ನೆಲ್ಲ ಅದರೊಳಗೆ ವರ್ಗಾಯಿಸಿ, ಹಸಿರು ಕಾಣದಂತೆ ಕರಿ ಟೇಪು ಸುತ್ತಿದೆ. ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು. ದೀಪ ಹತ್ತಿದ ಮೇಲೆ ಇನ್ನೇನು ಬೇಕು? ಹಿತ್ತಾಳೆ ಡಬ್ಬಿಯ ತೂತುಗಳಿಗೆ ಹತ್ತಿ ತುರುಕಿ, ಎಲೆ, ಅಡಿಕೆ, ಸುಣ್ಣ ತುಂಬಿ ಜುಬ್ಬಾದ ಜೇಬಿಗೆ ಇಳಿಸಿದೆ. ಪೆಡಲನ್ನು ಚೀಲದಲ್ಲಿ ಹಾಕಿ ನಾನೇ ಒಯ್ದು ವೇದಿಕೆಯ ಮೇಲಿಟ್ಟೆ. ಎಲ್ಲರೂ ನನ್ನ ಸಹಕಾರ ಕಂಡು ಆಶ್ಚರ್ಯಪಟ್ಟರು.

ಸಂಜೆ ಮೈದಾನ ತುಂಬಿತ್ತು. ಮುಂದಿನ ಸಾಲಿನಲ್ಲಿ ಪಾಲಕರು, ಬಹುಪಾಲು ಲಿಂಬೆ ತೋಟದವರು. ರಮಜಾನ ಮಾತಿನಂತೆ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ನನ್ನ ಸಾಬೂನು ಡಬ್ಬಿಗೆ ಭಕ್ತಿಯಿಂದ ಕೈ ಮುಗಿದ. ನಾನು ಹಾಡಿದೆ:

“ನನ್ನ ಮನದ ತೋಟದೊಳಗೆ ಅರಳಿತೇನಿದು?”

ರಮಜಾನ ಪೆಡಲ್ ಒತ್ತಿದ. ಸ್ಪೀಕರು ಕೆಮ್ಮಿತು. ಆಮೇಲೆ ಗಂಭೀರವಾದ ಗಂಡು ದನಿಯೊಂದು ಮೈದಾನಕ್ಕೆಲ್ಲ ಹೇಳಿತು: “ಇದು ಕಜ್ಜಿ ರೋಗ. ನಿಂಬೆ ಬೆಳೆಗಾರರು ಗಾಬರಿಯಾಗಬಾರದು.”

ರೇಡಿಯೊದ ಕೃಷಿ ಕಾರ್ಯಕ್ರಮ. ಹತ್ತೊಂಬತ್ತು ವರ್ಷ ಕಾದವನು ಒಂದು ವಾಕ್ಯಕ್ಕೆ ಹೆದರಬಾರದೆಂದು ದನಿ ಏರಿಸಿದೆ:

“ಎಲೆಯೆಲೆಯಲಿ ಯಾರು ಬರೆದ ಚಿತ್ರವೋ ಇದು?”

“ಎಲೆಯ ಎರಡೂ ಬದಿಗೆ ಕಂದು ಚುಕ್ಕೆಗಳು ಕಾಣುತ್ತವೆ,” ಎಂದಿತು ಸ್ಪೀಕರು.

ಹುಡುಗರು ಬಿದ್ದು ಬಿದ್ದು ನಕ್ಕರು. ಪಾಲಕರು ನಗಲಿಲ್ಲ. ಮುಂದೆ ಬಾಗಿ ಕೂತಿದ್ದರು. ನಾನು ಮೂರನೆಯ ಸಾಲಿಗೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಪರಸಪ್ಪನೆಂಬ ರೈತ ಎದ್ದು ನಿಂತ.

“ಸರ, ಒಂದೀಟು ಬಾಯಿ ಮುಚ್ಚರಿ! ಔಷಧದ ಹೆಸರು ಕೇಳವಲ್ದು!”

“ಪರಸಪ್ಪ, ಇದು ನನ್ನ ಹಾಡು!”

“ನಿಮ್ಮ ಹಾಡು ನಾಳಿ ಕೇಳ್ತೇವ್ರಿ. ಗಿಡ ನಾಳಿತನಕ ತಡಿಯಂಗಿಲ್ಲ!”

ಸಹಾಯಕ್ಕೆಂದು ರಮಜಾನನ ಕಡೆ ತಿರುಗಿದೆ. ಲಿಂಬೆ ಅಂಗಡಿಯ ಗುಮಾಸ್ತ, ಗಿಟಾರ್ ಬಿಟ್ಟು ಅಂಗೈ ಮೇಲೆ ಪೆನ್ನಿನಿಂದ ಔಷಧ ಬರೆದುಕೊಳ್ಳುತ್ತಿದ್ದ. ನಾನು ಮೈಕಿನ ಮುಂದೆ ಬಾಯಿ ಮುಚ್ಚಿ, ಕಾರ್ಯಕ್ರಮ ಮುಗಿಯುವವರೆಗೆ ಎಂಟು ನಿಮಿಷ ನಿಂತೆ. ಮುಗಿದಾಗ ಬಿದ್ದ ಚಪ್ಪಾಳೆ ಆ ಮೈದಾನದಲ್ಲಿ ಹಿಂದೆಂದೂ ಬಿದ್ದಿರಲಿಲ್ಲ. ಗುರುಲಿಂಗಪ್ಪನವರು ನನ್ನ ಕೈ ಕುಲುಕಿದರು. “ಭಾಳ ಉಪಯುಕ್ತ ಆತ್ರಿ, ಬಸಂತರಾಯರ.”

ವಿದ್ಯಾವತಿ ವೇದಿಕೆ ಹತ್ತಿ ಬಂದಳು. ಪೆಡಲ್ ಎತ್ತಿ ಮೂಸಿ ನೋಡಿದಳು. ಉಗುರಿನಿಂದ ಕರಿ ಟೇಪು ಬಿಡಿಸಿದಳು. ಹಸಿರು ಕಂಡಿತು.

“ಲೋಹದ ಡಬ್ಬಿ ರೇಡಿಯೊದ ಅಲೆ ಒಳಗ ಬಿಡಂಗಿಲ್ಲ,” ಎಂದಳು, ಐ.ಟಿ.ಐ. ಹುಡುಗರಿಗೆ ಹೇಳುವಷ್ಟೇ ಸಮಾಧಾನದಿಂದ. “ಪ್ಲಾಸ್ಟಿಕ್ ಬಿಡ್ತೈತಿ.”

“ಮೊದಲ ಹೇಳಬೇಕಿಲ್ಲೇನು?”

“ನಾ ಹೇಳಿದ್ದೆಲ್ರಿ ಸರ!” ತರನ್ನುಮಳಿಗೆ ನಗು ತಡೆಯಲಾಗುತ್ತಿರಲಿಲ್ಲ. “ಎಲ್ಲೈತ್ರಿ ಚಿಪ್ಪು?”

ಜುಬ್ಬಾದ ಜೇಬಿನ ಹೊರಗೆ ಸುಣ್ಣ ಸೋರಿ ಬಿಳಿ ಗೆರೆಯಾಗಿತ್ತು. ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ. ಹತ್ತಿ ಸಮೇತ ಡಬ್ಬಿ ತೆಗೆದುಕೊಟ್ಟೆ.

ಈಗ ಅಪ್ಪನ ಡಬ್ಬಿ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮದುವೆಗಳನ್ನೆಲ್ಲ ಉಂಡು ಬರುತ್ತದೆ. ಪರಸಪ್ಪ ದಾರಿಯಲ್ಲಿ ಸಿಕ್ಕಾಗಲೆಲ್ಲ ನನ್ನ ಮುಂದಿನ ಹಾಡು ಯಾವ ರೋಗದ ಮೇಲೆ ಎಂದು ಕೇಳುತ್ತಾನೆ. ನನ್ನ ಎಲೆ-ಅಡಿಕೆ ಹಸಿರು ಸಾಬೂನು ಡಬ್ಬಿಯಲ್ಲಿದೆ. ಎಷ್ಟು ತೊಳೆದರೂ ವಾಸನೆ ಹೋಗಿಲ್ಲ. ಸಿಟ್ಟು ಮಾತ್ರ ಮೊದಲಿನಂತೆಯೇ ಇದೆ. ನಿನ್ನೆಯೂ ಎಲೆ ಹಾಕಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತು ಗುಡುಗಲು ಬಾಯಿ ತೆರೆದೆ.

ನೊರೆ ಬಂತು.