ಹುಲಗಪ್ಪನ ಬೆನ್ನು ಮತ್ತು ಮಾತಾಡ್ಸಾಕ ಬಂದವರು

ಬೋನಾಳದ ಹನುಮಮ್ಮ ಬ್ರೆಡ್ಡಿನ ಪಾಕೀಟು ಹಿಡಿದು ಮೊದಲ ಬಸ್ಸಿಗೇ ಸುರಪುರಕ್ಕೆ ಬಂದಳು. ಬೆನ್ನಿನ ಆಪರೇಷನ್ ಆದ ಕಂಡಕ್ಟರ್ ಹುಲಗಪ್ಪನನ್ನು ಮಾತಾಡಿಸಬೇಕಿತ್ತು. ಬಂದು ನೋಡಿದರೆ ರೋಗಿ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಅಂಗಳದಲ್ಲಿ ಅಡ್ಡಾಡುತ್ತಿದ್ದಾನೆ. ಅಂದಿನ ರಾಮಾಯಣ ಶುರುವಾದದ್ದೇ ಅಲ್ಲಿಂದ.

"ಎದ್ದು ತಿರಗ್ಯಾಡಾಕತ್ತೀಯಲ್ಲೋ ಯಪ್ಪಾ," ಎಂದಳು ಹನುಮಮ್ಮ, ಮುಖ ಸಣ್ಣ ಮಾಡಿ. "ಮತ್ತ ನಾ ಯಾರನ್ನ ಮಾತಾಡ್ಸಾಕ ಬಂದೀನಿ?"

ನಮ್ಮ ಕಡೆ ಇದೊಂದು ಬರೆಯದ ಕಾಯ್ದೆ. ಮಾತಾಡಿಸಲು ಬಂದವರಿಗೆ ರೋಗಿ ಮಲಗಿಯೇ ಸಿಗಬೇಕು. ಕುಂತಿದ್ದರೆ ಬಂದವರ ಮರ್ಯಾದೆ ಅರ್ಧ ಹೋಯಿತು, ನಿಂತಿದ್ದರೆ ಪೂರ್ತಿ. ಹೆಂಡತಿ ಅಮೃತಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು ಗಂಡನನ್ನು ಹಾಸಿಗೆಗೆ ಅಟ್ಟಿದಳು. ಹನುಮಮ್ಮ ಪಕ್ಕದಲ್ಲಿ ಕುಂತು, ಆಪರೇಷನ್ ಆದಮೇಲೆ ಏಳದೇ ಹೋದ ತನ್ನ ಮೈದುನನ ಕತೆಯನ್ನು ಅರ್ಧ ಹೇಳಿ, ಸಂತೆಗೆ ಹೊತ್ತಾಯಿತೆಂದು ಎದ್ದುಹೋದಳು.

ಹುಲಗಪ್ಪನಿಗೆ ಮೈಯೆಲ್ಲ ಉರಿಯಿತು. ಕಲಬುರಗಿಯ ಡಾಕ್ಟರು ಬಿಡಿಸಿ ಹೇಳಿದ್ದರು. ಒಳಗಿನ ಗಾಯ ಮಾಯುವಾಗ ಕಟ್ಟುವ ಗಡಸು ಮಾಂಸ ನರಕ್ಕೆ ಅಂಟಿಕೊಂಡರೆ ಕಾಲಿನ ಸೆಳೆತ ಜನ್ಮಕ್ಕೆ ಉಳಿದೀತು; ಅದಕ್ಕೇ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಕಾಲು ಸೆಳೆಯುವ ಕಂಡಕ್ಟರ್ ಯಾದಗಿರಿ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವುದು ಹೇಗೆ? ಡಿಪೋದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಂತೇ ಮುದುಕನಾಗಬೇಕು. ಅದನ್ನು ನೆನೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಇದನ್ನೆಲ್ಲ ಕೇಳುವವರು ಯಾರು? ಸುರಪುರದಿಂದ ಶಹಾಪುರ ದಾಟಿ ಯಾದಗಿರಿವರೆಗೂ ಅವನ ಪ್ಯಾಸೆಂಜರುಗಳೇ. ಅವನು ಏಳುವುದಕ್ಕೂ ಒಬ್ಬರು ಬಾಗಿಲಿಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಮಧ್ಯಾಹ್ನದೊಳಗೆ ಬಂದವರ ಬ್ರೆಡ್ಡು ತುಂಬಿ ಮನೆ ಬೇಕರಿಯಾಯಿತು, ಹುಲಗಪ್ಪ ಮಾತ್ರ ಮತ್ತೆ ಅಂಗಳ ಕಾಣಲಿಲ್ಲ. ಕಡೆಗೆ ಹಿತ್ತಲ ಬಾಗಿಲಿಂದ ನುಸುಳಿದ. ಪಕ್ಕದ ಮನೆಯ ಶೇಖಮ್ಮ ಅಲ್ಲೇ ಭಾಂಡೆ ತಿಕ್ಕುತ್ತಿದ್ದಳು.

"ಅಮೃತಮ್ಮಾ, ನಿನ್ನ ಗಂಡ ಓಡಿ ಹೊಂಟಾನ ನೋಡಬೇ," ಎಂದು ಓಣಿಗೆಲ್ಲ ಕೇಳುವಂತೆ ಒದರಿದಳು.

ಓಣಿ ಕೂಡಿತು. ಆಪರೇಷನ್ ಮಾಡಿದ ಬೆನ್ನೆಂದರೆ ಹಸಿ ಮಡಕೆ ಎಂದು ಒಬ್ಬರು, ನಡೆದರೆ ಹೊಲಿಗೆ ಬಿಚ್ಚೀತೆಂದು ಇನ್ನೊಬ್ಬರು. ಸಹಿಸುವುದಕ್ಕೂ ಒಂದು ಮಿತಿ ಇದೆ. ಹುಲಗಪ್ಪ ಡಾಕ್ಟರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಎಲ್ಲರ ಮುಖಕ್ಕೆ ಹಿಡಿದ.

"ಇವ್ರಿಗೆ ನೀವ ಹೇಳ್ರಿ ಸಾಹೇಬ್ರ. ನನ್ನ ಮಾತು ನಾಯಿನೂ ಕೇಳವಲ್ದು."

"ಹಂಚಿನ ಮೇಲೆ ಹಾಕಿದ ರೊಟ್ಟಿ ತಿರುವದೆ ಬಿಟ್ಟರೆ ಅಂಟಿಕೊಳ್ಳುತ್ತದೋ ಇಲ್ಲವೋ?" ಎಂದರು ಡಾಕ್ಟರು. "ಒಳಗಿನ ನರವೂ ಹಾಗೇ. ನಡೆಸಿರಿ ಅವರನ್ನ." ಅವರಿಗೆ ಬೇರೆ ರೋಗಿಗಳೂ ಇದ್ದರು, ಫೋನ್ ಇಟ್ಟರು.

ರೊಟ್ಟಿಯ ಲೆಕ್ಕದಲ್ಲಿ ಹೇಳಿದಮೇಲೆ ವಾದವೆಲ್ಲಿ? ಓಣಿ ಒಪ್ಪಿಕೊಂಡಿತು. ಹುಲಗಪ್ಪ ಗೆದ್ದೆನೆಂದುಕೊಂಡ, ಪಾಪ.

"ತಪ್ಪಾತು ಉಸ್ತಾದ. ಬಾ, ಒಂದು ರೌಂಡ ಹೊಡಿಯೂಣು," ಎಂದ ಅವನ ಬಸ್ಸಿನ ಡ್ರೈವರ್ ನಸೀರುದ್ದೀನ. ಕೈಹಿಡಿದು ಬಸ್ ನಿಲ್ದಾಣದವರೆಗೆ ನಡೆಸಿಕೊಂಡು ಬಂದ. ಹಿತವೆನಿಸಿತು. ವಾಪಸು ಬಂದು ಕಟ್ಟೆಗೆ ಕೈ ಊರುವಷ್ಟರಲ್ಲಿ, ಅವನನ್ನೇ ಮಾತಾಡಿಸಲು ಬಂದಿದ್ದ ಸಗರದ ಅಮಾತೆಪ್ಪ ಎದ್ದು ಧೋತರ ಕೊಡವಿದ.

"ಸಾಕ್ರಿ ಕಾಕಾ, ಸೊಂಟ ಹಿಡಿದಂಗಾಗ್ಯಾದ," ಎಂದ ಹುಲಗಪ್ಪ.

"ಡ್ರೈವರನ ಜೋಡಿ ನಡದಿ, ಸಗರದೋರ ಜೋಡಿ ನಡಿಯಂಗಿಲ್ಲೇನು? ನಾವೇನು ನಿನ್ನ ಬಸ್ಸಿನ್ಯಾಗ ಪುಕ್ಕಟೆ ಬರ್ತೀವೇನು?"

ನಡೆದ. ಸಗರದವರ ಜೊತೆ ನಡೆದನೆಂದು ಕೇಳಿ ಶಹಾಪುರದವರು ಮುನಿದರು. ಅವರನ್ನು ಸಮಾಧಾನ ಮಾಡಿ ಬರುವಷ್ಟರಲ್ಲಿ, ಊರ ಹೊರಗಿನವರಿಗಿರುವ ಕಿಮ್ಮತ್ತು ನೆರೆಮನೆಗಿಲ್ಲವೇ ಎಂದು ಶೇಖಮ್ಮನ ಗಂಡ ಚಪ್ಪಲಿ ಮೆಟ್ಟಿ ನಿಂತಿದ್ದ. ಮುಂಜಾನೆ ಮಲಗು ಮಲಗು ಎಂದು ಕೊಂದ ಅದೇ ಜನ ಈಗ ನಡೆ ನಡೆ ಎಂದು ಕೊಲ್ಲುತ್ತಿದ್ದರು. ಒಬ್ಬರಾದರೂ ಅವನ ಬೆನ್ನನ್ನು ಕೇಳಲಿಲ್ಲ. ಅದು ಯಾರದೆಂಬುದೇ ಅವರಿಗೆ ಮರೆತಂತಿತ್ತು.

ದೀಪ ಹಚ್ಚುವ ಹೊತ್ತಿಗೆ ಹುಲಗಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಕಾಲು ಅಂಗಾಲಿನವರೆಗೆ ಸೆಳೆಯುತ್ತಿತ್ತು, ಕಣ್ಣಲ್ಲಿ ನೀರು. ಅಮೃತಮ್ಮ ಹೆದರಿ ತಾನೇ ಫೋನ್ ಹಚ್ಚಿದಳು. ಸ್ಪೀಕರನ್ನೂ ಹಾಕಿದಳು.

"ನಾಲ್ಕು ಹೆಜ್ಜೆ ಅಂದರೆ ಊರು ಸುತ್ತಿಸೋದೇನ್ರಿ?" ಡಾಕ್ಟರು ಸಿಟ್ಟಾದರು. "ಇನ್ನು ನಾನು ಹೇಳೋತನಕ ಹಾಸಿಗೆ ಬಿಟ್ಟು ಏಳಕೂಡದು."

"ಮಲಕ್ಕೋ ಅಂತ ಮುಂಜಾನಿಂದ ಬಡಕೊಂಡ್ವಿ," ಎಂದಳು ಶೇಖಮ್ಮ. "ಊರ ಮಂದಿಯೆಲ್ಲ ಕೂಡಿ ತಿರುವಿದ್ರ ರೊಟ್ಟಿ ಹರಿಯಂಗಿಲ್ಲೇನು?" ಓಣಿಯೆಲ್ಲ ಹೌದೌದೆಂದು ತಲೆಯಾಡಿಸಿತು.

ಅಷ್ಟರಲ್ಲಿ ಸಂತೆ ಮುಗಿಸಿದ ಹನುಮಮ್ಮ, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಚೀಲ ಹೊತ್ತು ಒಳಗೆ ಬಂದಳು. ಅಲುಗಾಡದೆ ಮಲಗಿದ್ದ ಹುಲಗಪ್ಪನನ್ನು ಕಂಡು ಅವಳ ಮುಖ ಅರಳಿತು.

"ಈಗ ನೋಡು, ಬಂದಿದ್ದಕ್ಕೂ ಸಾರ್ಥಕ ಆತು," ಎಂದು ಹಾಸಿಗೆಯ ಪಕ್ಕ ಕಾಲು ಚಾಚಿ ಕುಂತಳು. "ಮುಂಜಾನಿ ಎಲ್ಲಿಗಿ ಬಿಟ್ಟಿದ್ದೆ? ಹಾಂ, ನಮ್ಮ ಮೈದುನ..."

ಏಳಕೂಡದೆಂದು ಡಾಕ್ಟರು ಹೇಳಿದ್ದರಲ್ಲ. ಹುಲಗಪ್ಪ ಕತೆ ಪೂರ್ತಿ ಕೇಳಿದ.