ಭಾವನನ್ನು ಬೈದವರು ಯಾರು

ಭಾವ: ನಲವತ್ತೊಂದು. ಬೇಕಾದ್ರೆ ಎಣಿಸಿ ನೋಡು. ನಲವತ್ತೊಂದು ಬೈಗುಳ ಬರೆದವನಿಗೆ ಒಂದು ಕ್ಷಮಾಪಣೆ ಬರೆಯೋಕೆ ಕೈ ನೋಯುತ್ತಾ?

ಭಾಮೈದ: ನಾನು ಬರೆದಿದ್ರೆ ತಾನೇ ಭಾವ? ಬರೆಯದೇ ಇದ್ದದ್ದಕ್ಕೆ ಕ್ಷಮೆ ಕೇಳೋ ಅಭ್ಯಾಸ ನಿಮ್ಮ ಗುಂಪಿನಲ್ಲಿರಬಹುದು. ನಮ್ಮ ಗುಂಪಿನಲ್ಲಿ ಬರೆದದ್ದಕ್ಕೇ ಕೇಳೋದಿಲ್ಲ.

ಭಾವ: ಇದನ್ನು ಬರಕೋ. 'ಆರೋಪಿ ಪಶ್ಚಾತ್ತಾಪ ತೋರಲಿಲ್ಲ' ಅಂತ ಬರಕೋ.

ಅಕ್ಕ: ಬರಕೊಂಡೆ. ಇಬ್ಬರೂ ಸ್ವಲ್ಪ ನಿಧಾನವಾಗಿ ಜಗಳ ಆಡಿ. ನನ್ನ ಬೆರಳು ಹತ್ತೇ ಇರೋದು.

ಪಕ್ಷದ ಜಿಲ್ಲಾ ಕಚೇರಿಯೆಂದರೆ ಒಂದು ಹಳೆಯ ಕಟ್ಟಡದ ಮಹಡಿಯ ಮೇಲಿನ ಎರಡು ಕೋಣೆಗಳು. ಒಳಗಿನ ಕೋಣೆಯಲ್ಲಿ ಬಾವುಟದ ಕೋಲುಗಳನ್ನು ಪೇರಿಸಿದ್ದರು. ಹೊರಗಿನ ಕೋಣೆಯಲ್ಲಿ ಕೈಯಿರುವ ಕುರ್ಚಿ ಒಂದೇ ಇತ್ತು. ಅದರಲ್ಲಿ ಭಾವ ಕುಳಿತಿದ್ದರು. ಕಳೆದ ಚುನಾವಣೆಯಲ್ಲಿ ಉಳಿದ ಭಿತ್ತಿಪತ್ರಗಳ ಕಟ್ಟಿನ ಮೇಲೆ, ಸೋತ ಅಭ್ಯರ್ಥಿಯ ನಗುಮುಖದ ಮೇಲೆಯೇ, ಭಾಮೈದ ಕುಳಿತಿದ್ದ. ಇಬ್ಬರದೂ ಒಂದೇ ಪಕ್ಷ, ಒಂದೇ ಮನೆ, ಒಂದೇ ಊಟದ ಮೇಜು. ಗುಂಪು ಮಾತ್ರ ಬೇರೆ ಬೇರೆ. ಇಬ್ಬರಿಗೂ ರಾಜಕೀಯದ ಬ್ಲಾಗುಗಳಿದ್ದವು. ಭಾವನ ಬ್ಲಾಗಿನ ಹೆಸರು 'ಸಮಚಿತ್ತ', ಭಾಮೈದನದು 'ಚಾಟಿ'.

ನಡುವೆ ಕಂಪ್ಯೂಟರಿನ ಮುಂದೆ ಕುಳಿತಿದ್ದ ಕಚೇರಿಯ ಗುಮಾಸ್ತೆ ಮೊದಲನೆಯವರ ಹೆಂಡತಿ, ಎರಡನೆಯವನ ಅಕ್ಕ.

ಪಕ್ಷದ ಪ್ರಾಂತ ಸಮಿತಿಯವರು ಆ ವರ್ಷ ಒಂದು ಸೌಜನ್ಯ ಸಂಹಿತೆಯನ್ನು ಹೊರಡಿಸಿದ್ದರು. ಸ್ವಪಕ್ಷೀಯರನ್ನು ಬ್ಲಾಗುಗಳಲ್ಲಿ ಬೈದವರ ಮೇಲೆ ಮೂರು ದೂರು ಬಂದರೆ ಉಚ್ಚಾಟನೆ. ಭಾಮೈದನ ಮೇಲೆ ಆಗಲೇ ಎರಡು ದೂರುಗಳಿದ್ದವು. ಮೂರನೆಯದನ್ನು ಭಾವನೇ ಕೊಟ್ಟಿದ್ದರು: 'ಮುಳ್ಳುಕಡ್ಡಿ' ಎಂಬ ಸುಳ್ಳು ಹೆಸರಿನಲ್ಲಿ ಯಾರೋ ತಮ್ಮ ಬ್ಲಾಗಿನ ಕೆಳಗೆ ದಿನ ಬಿಟ್ಟು ದಿನ ಬೈಯುತ್ತಿದ್ದಾರೆ, ಆ ಯಾರೋ ತಮ್ಮ ಭಾಮೈದನೇ ಎಂದು. ಜಿಲ್ಲಾ ಕಾರ್ಯದರ್ಶಿಯ ಸ್ಥಾನ ಖಾಲಿಯಿತ್ತು. ಅದಕ್ಕೆ ಅರ್ಜಿ ಹಾಕಿದ್ದವರು ಇವರಿಬ್ಬರೇ. ಇಬ್ಬರ ಹೇಳಿಕೆಗಳನ್ನೂ ಬರೆದುಕೊಂಡು, ನಾಲ್ಕು ಗಂಟೆಗೆ ಪ್ರಾಂತ ಕಚೇರಿಯಿಂದ ಫೋನು ಬಂದಾಗ ಓದಿ ಹೇಳುವುದು ಗುಮಾಸ್ತೆಯ ಕೆಲಸ. ಗೋಡೆಯ ಗಡಿಯಾರದಲ್ಲಿ ಮೂರೂಕಾಲು ಆಗಿತ್ತು.

ಅಕ್ಕ: ನನಗೊಂದು ಸಂದೇಹ. ಉಚ್ಚಾಟನೆಯಾದವನಿಗೆ ಸಾಯಂಕಾಲ ನಾನು ಊಟ ಬಡಿಸಿದರೆ ಅದು ಪಕ್ಷವಿರೋಧಿ ಚಟುವಟಿಕೆ ಆಗುತ್ತಾ?

ಭಾವ: ಮನೆ ಬೇರೆ, ಪಕ್ಷ ಬೇರೆ.

ಅಕ್ಕ: ಹಾಗಾದ್ರೆ ಬೈಗುಳ ಯಾವುದರದ್ದು?

ಭಾವ: ನೀನು ಗುಮಾಸ್ತೆ. ಬರಕೋ ಅಷ್ಟೆ.

ಭಾಮೈದ: ಅಕ್ಕಾ, ಇವರು ಗುಮಾಸ್ತೆಗೆ ಹೀಗೆ ಏಕವಚನ ಹಾಕ್ತಾರಲ್ಲ, ಸೌಜನ್ಯ ಸಂಹಿತೆಯಲ್ಲಿ ಅದಕ್ಕೇನು ಶಿಕ್ಷೆ ನೋಡು.

ಭಾವ: ನೋಡಿದ್ಯಾ? ಇದೇ ನಾಲಿಗೆ. ಇದೇ ನಾಲಿಗೆಗೆ ಮುಳ್ಳುಕಡ್ಡಿ ಅಂತ ಹೆಸರಿಟ್ಟುಕೊಂಡಿದ್ದಾನೆ. ಹೋದ ತಿಂಗಳು ವಲಯಾಧ್ಯಕ್ಷರನ್ನು 'ಒದ್ದೆಯಾದ ಬೆಂಕಿಪೊಟ್ಟಣ' ಅಂತ ಬರೆದವನು ಯಾರು?

ಭಾಮೈದ: ನಾನು. ನನ್ನ ಹೆಸರು, ನನ್ನ ಫೋಟೋ ಹಾಕಿ ಬರೆದೆ. ಮರುದಿನ ಅವರು ಎದುರಿಗೆ ಸಿಕ್ಕಾಗ ನಮಸ್ಕಾರಾನೂ ಮಾಡಿದೆ. ಬೈಯೋದಕ್ಕೂ ಒಂದು ರೀತಿ ನೀತಿ ಇದೆ ಭಾವ. ನಾನು ಮುಖ ಮುಚ್ಚಿಕೊಂಡು ಬೈಯೋವನಲ್ಲ.

ಅಕ್ಕ: ಬೈಗುಳ ಓದ್ತೀನಿ, ಇಬ್ಬರೂ ಕೇಳಿ. ಒಂದನೇದು. 'ಈ ಮನುಷ್ಯ ಇಪ್ಪತ್ತೆಂಟು ವರ್ಷ ಪಕ್ಷದ ಬಾವುಟ ಹೊತ್ತಿದ್ದಾನೆ, ಒಂದು ದಿನವೂ ಸುಸ್ತು ಎಂದಿಲ್ಲ. ಇಂಥ ಗಾಣದೆತ್ತುಗಳಿಂದಲೇ ನಮ್ಮ ಪಕ್ಷ ಹೀಗಿದೆ.'

ಭಾವ: ಗಾಣದೆತ್ತು. ಕೇಳಿಸ್ತಾ? ಗಾಣದೆತ್ತು.

ಭಾಮೈದ: ಎತ್ತು ಕೇಳಿಸ್ತು. ಅದರ ಹಿಂದಿನ ಇಪ್ಪತ್ತೆಂಟು ವರ್ಷವೂ ಕೇಳಿಸ್ತು.

ಅಕ್ಕ: ಏಳನೇದು. 'ಕುಡುಕನಿಗೆ ಹೆಂಡದ ಚಟ, ಈತನಿಗೆ ಸತ್ಯ ಹೇಳುವ ಚಟ. ಇಂಥವನನ್ನು ಪದಾಧಿಕಾರಿ ಮಾಡಿದರೆ ಲಂಚ ತಿನ್ನುವವರ ಗತಿಯೇನು? ಥೂ.'

ಭಾಮೈದ: ಆ ಥೂ ಒಂದನ್ನು ತೆಗೆದುಬಿಟ್ರೆ ಸನ್ಮಾನಪತ್ರಕ್ಕೆ ಚೌಕಟ್ಟು ಹಾಕಿಸಬಹುದು.

ಭಾವ: ಥೂ ಅಂದಿದ್ದಾನಲ್ಲ, ಅದು ಸಾಲದಾ? ನನ್ನ ಎದೆಗೆ ಹೇಗೆ ನಾಟಿದೆ ಅಂತ ನನಗೆ ಗೊತ್ತು.

ಅಕ್ಕ: ಹತ್ತೊಂಬತ್ತನೇದು. 'ತಲೆಯಲ್ಲಿ ಒಂದು ಬಿಳಿಕೂದಲಿಲ್ಲ, ಮಾತು ಮಾತ್ರ ಅನುಭವಿ ಮುದುಕರದು. ಈ ಆಡಂಬರ ಯಾಕೆ?'

ಇಲ್ಲಿ ಆಕೆ ಓದುವುದನ್ನು ನಿಲ್ಲಿಸಿ, ಗಂಡನ ತಲೆಯ ಮೇಲೆ ಸ್ವಲ್ಪ ಹೊತ್ತು ಕಣ್ಣಿಟ್ಟಳು. ತಿಂಗಳ ಮೊದಲ ಭಾನುವಾರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆ ತಲೆಗೆ ಬಣ್ಣ ಹಚ್ಚುತ್ತಿದ್ದವಳು ಅವಳೇ.

ಭಾವ: ಯಾಕೆ ನಿಲ್ಲಿಸಿದೆ?

ಅಕ್ಕ: ಏನಿಲ್ಲ. ನಿಮ್ಮ ಶತ್ರುವಿಗೆ ದೃಷ್ಟಿ ಸ್ವಲ್ಪ ಮಂದ ಅನ್ನಿಸ್ತು.

ಭಾಮೈದ: ಅಕ್ಕಾ, ನನ್ನ ಹೇಳಿಕೆ ಬರಕೋ. ಬೈದಿದ್ದಾನೆ ಅಂತ ಉಚ್ಚಾಟನೆ ಮಾಡಿದ್ರೆ ಹೇಗೋ ತಡ್ಕೋತೀನಿ. ಹೀಗೆ ಬೈದಿದ್ದಾನೆ ಅಂತ ಮಾಡಿದ್ರೆ ನಾಳೆಯಿಂದ ಹೊರಗೆ ತಲೆ ಎತ್ತಿಕೊಂಡು ಓಡಾಡೋ ಹಾಗಿಲ್ಲ. 'ಚಾಟಿ'ಗೆ ಮೂರು ಸಾವಿರ ಜನ ಓದುಗರಿದ್ದಾರೆ. ಇಷ್ಟು ಸಪ್ಪೆ ಬೈಗುಳ ನಂದು ಅಂತ ಅವರಿಗೆ ಗೊತ್ತಾದ್ರೆ ಏನಂದುಕೊಳ್ಳಲ್ಲ?

ಭಾವ: ಓಹೋ. ಹಾಗಾದ್ರೆ ನೀನು ಬೈದಿದ್ರೆ ಹೇಗೆ ಬೈತಿದ್ದೆ?

ಭಾಮೈದ: ಬೇಡ ಬಿಡಿ ಭಾವ. ದೊಡ್ಡವರು ನೀವು.

ಭಾವ: ಹೇಳಪ್ಪಾ. ಅದೂ ದಾಖಲಾಗಲಿ.

ಭಾಮೈದ: 'ಇವರು ಸಭೆಗೆ ಬಂದರೆ ಒಂದು ಕುರ್ಚಿ ತುಂಬುತ್ತದೆ. ಎದ್ದು ಹೋದರೆ ಆ ಕುರ್ಚಿ ಉಪಯೋಗಕ್ಕೆ ಬರುತ್ತದೆ.'

ಅಕ್ಕನಿಗೆ ಕೆಮ್ಮು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅದನ್ನು ಕೆಮ್ಮಾಗಿಯೇ ಉಳಿಸಿಕೊಳ್ಳಲು ಅವಳು ಬಹಳ ಶ್ರಮಪಟ್ಟಳು.

ಭಾವ: ನಗು, ನಗು. ತೌರುಮನೆ ಪಕ್ಷಪಾತ. ಇದನ್ನೂ ಪ್ರಾಂತ ಸಮಿತಿಗೆ ತಿಳಿಸ್ತೀನಿ.

ಅಕ್ಕ: ತಿಳಿಸಿ. ಅದಕ್ಕೆ ಮೊದಲು ಒಂದು ಪ್ರಶ್ನೆ ಕೇಳ್ತೀನಿ, ಗುಮಾಸ್ತೆಯಾಗಿ. ಈ ಹಾಳೆಗಳಲ್ಲಿ ಒಂದೊಂದು ಬೈಗುಳದ ಪಕ್ಕದಲ್ಲೂ ಅದನ್ನು ಹಾಕಿದ ಹೊತ್ತು ಇದೆ. ನಲವತ್ತೊಂದೂ ಬೆಳಿಗ್ಗೆ ಆರೂವರೆಯಿಂದ ಏಳರ ಒಳಗೆ.

ಭಾವ: ಬೆಳಿಗ್ಗೆ ಎದ್ದ ತಕ್ಷಣ ನನ್ನನ್ನು ಬೈಯದಿದ್ರೆ ಇವನಿಗೆ ಸಮಾಧಾನ ಇಲ್ಲ.

ಅಕ್ಕ: ಇವನು ಒಂಬತ್ತು ಗಂಟೆಗೆ ಮೊದಲು ಎದ್ದದ್ದನ್ನು ನಮ್ಮಮ್ಮನೂ ನೋಡಿಲ್ಲ, ನಾನೂ ನೋಡಿಲ್ಲ. ಆರೂವರೆಗೆ ನಮ್ಮ ಮನೆಯಲ್ಲಿ ಎಚ್ಚರವಾಗಿರೋರು ಇಬ್ಬರೇ. ನಾನು ಅಡಿಗೆಮನೆಯಲ್ಲಿರ್ತೀನಿ.

ಭಾಮೈದ: ಇನ್ನೊಬ್ಬರು?

ಅಕ್ಕ: ಇನ್ನೊಬ್ಬರು ಸ್ನಾನದ ಮನೆಯಲ್ಲಿ. ಮೂರು ತಿಂಗಳಿಂದ ಫೋನ್ ತಗೊಂಡು ಒಳಗೆ ಹೋಗ್ತಾರೆ, ಅರ್ಧ ಗಂಟೆ ಆಗುತ್ತೆ, ನೀರಿನ ಸದ್ದೇ ಇಲ್ಲ. ವಯಸ್ಸಾಯಿತು, ಏನೋ ತೊಂದರೆ ಇರಬೇಕು, ಡಾಕ್ಟರಿಗೆ ತೋರಿಸೋಣ ಅಂದ್ಕೊಂಡಿದ್ದೆ. ರೀ, ನಿಮಗಿರೋ ತೊಂದರೆ ಏನು?

ಭಾವ ಕುರ್ಚಿಯ ಕೈಗಳನ್ನು ಒಮ್ಮೆ ಸವರಿದರು. ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು. ಒರೆಸಿದ ಕನ್ನಡಕವನ್ನು ಮತ್ತೆ ಒರೆಸಿದರು.

ಭಾವ: ಏಳು ತಿಂಗಳು.

ಅಕ್ಕ: ಏನು ಏಳು ತಿಂಗಳು?

ಭಾವ: ಏಳು ತಿಂಗಳು ಬರೆದೆ. ವಾರಕ್ಕೆರಡು ಲೇಖನ. ಒಬ್ಬನೂ ಒಂದು ಮಾತು ಹಾಕಲಿಲ್ಲ. ಹೊಗಳೋದು ಬೇಡ, ನೀನು ದಡ್ಡ ಅಂತಾದ್ರೂ ಒಬ್ಬ ಬರೀಬೇಡವಾ? ಇವನ 'ಚಾಟಿ'ಗೆ ದಿನಕ್ಕೆ ಐವತ್ತು ಜನ ಬಂದು ಉಗಿದು ಹೋಗ್ತಾರೆ. ಊಟದ ಹೊತ್ತಿನಲ್ಲಿ ಇವನು ಅದನ್ನು ಓದಿ ಓದಿ ನಗ್ತಾನೆ. ನಾನು ಎದುರಿಗೆ ಕೂತು ಅನ್ನ ಕಲಸ್ತಾ ಇರ್ತೀನಿ. ನನಗೂ ಒಬ್ಬ ವಿರೋಧಿ ಇದ್ದಿದ್ರೆ ಅನ್ನಿಸ್ತು.

ಭಾಮೈದ: ಅದಕ್ಕೆ ನೀವೇ ಹುಟ್ಟಿಸಿಕೊಂಡ್ರಾ?

ಭಾವ: ಮೊದಲನೇದನ್ನು ಹಾಕಿದ ದಿನ ಹನ್ನೆರಡು ಜನ ಬಂದ್ರು. 'ಪಾಪ, ಒಳ್ಳೆಯವರನ್ನು ಯಾಕೆ ಬೈತೀಯಾ' ಅಂತ ಮುಳ್ಳುಕಡ್ಡಿಗೇ ಬುದ್ಧಿ ಹೇಳಿದ್ರು. ಆಮೇಲೆ ಬಿಡೋಕೆ ಆಗಲಿಲ್ಲ.

ಭಾಮೈದ: ಆ ಅಪರಾಧವನ್ನು ನನ್ನ ತಲೆಗೆ ಯಾಕೆ ಕಟ್ಟಿದ್ರಿ?

ಭಾವ: ಬೈಗುಳ ಅಂದ್ರೆ ನಿನ್ನ ಹೆಸರೇ ಬಾಯಿಗೆ ಬರೋದು. ಬೇರೆ ಯಾರ ಹೆಸರು ಹೇಳಿದ್ರೂ ನಂಬ್ತಾ ಇರಲಿಲ್ಲ.

ಭಾಮೈದ ಭಿತ್ತಿಪತ್ರಗಳ ಕಟ್ಟಿನಿಂದ ಇಳಿದು ಭಾವನ ಹತ್ತಿರ ಬಂದ. ಅವನಿಗೆ ಸಿಟ್ಟು ಬರಬೇಕಾಗಿತ್ತು. ಬರುತ್ತದೆಂದು ಅವನೂ ಕಾದು ನೋಡಿದ.

ಭಾಮೈದ: ನನಗೊಂದು ಮಾತು ಹೇಳಬಾರದಿತ್ತಾ ಭಾವ? ನಾನೇ ಬೈತಿದ್ದೆನಲ್ಲ. ಮನೆಯವರಿಗೆ ಅಷ್ಟೂ ಮಾಡದಿದ್ರೆ ಹೇಗೆ?

ಭಾವ: ನಿನ್ನ ಬೈಗುಳ ತಡ್ಕೊಳ್ಳೋ ಶಕ್ತಿ ನನಗಿಲ್ಲಪ್ಪ. ಆ ಕುರ್ಚಿಯ ಮಾತು ಇನ್ನೂ ಇಲ್ಲಿ ಕೂತಿದೆ.

ಭಾಮೈದ: ಅದನ್ನು ವಾಪಸ್ ತಗೊಂಡೆ.

ಅಕ್ಕ: ಸರಿ. ನಾಲ್ಕು ಗಂಟೆಗೆ ನಾನು ಏನು ಓದಲಿ? ಸತ್ಯ ಓದಿದ್ರೆ ಸುಳ್ಳು ದೂರು ಕೊಟ್ಟದ್ದಕ್ಕೆ ಇವರು ಪಕ್ಷದಿಂದ ಹೊರಗೆ, ದೂರು ಓದಿದ್ರೆ ಇವನು ಹೊರಗೆ. ಯಾರು ಹೊರಗೆ ಹೋದ್ರೂ ಬಂದು ಕೂರೋದು ನನ್ನ ಅಡಿಗೆಮನೆಯಲ್ಲಿ.

ಭಾವ: 'ಬರೆದವರು ಪತ್ತೆಯಾಗಲಿಲ್ಲ' ಅಂತ ಓದು. ದೂರನ್ನು ನಾನು ಹಿಂದಕ್ಕೆ ತಗೋತೀನಿ.

ಭಾಮೈದ: ಪಕ್ಷದ ಏಕತೆ ದೃಷ್ಟಿಯಿಂದ ನಾನೂ ಒಪ್ಕೋತೀನಿ. ಕಾರ್ಯದರ್ಶಿ ಯಾರನ್ನು ಬೇಕಾದ್ರೂ ಮಾಡಲಿ. ನೀವೇ ಆಗಿ ಭಾವ.

ಭಾವ: ಛೇ, ನೀನೇ ಆಗು. ಹುಡುಗರು ಮುಂದೆ ಬರಬೇಕು.

ಅಕ್ಕ ಹಾಗೆಂದೇ ವರದಿ ಬರೆದಳು, ಇಬ್ಬರೂ ಸಹಿ ಹಾಕಿದರು. ಭಾವ ಎದ್ದು ಕೈಕುರ್ಚಿಯನ್ನು ಭಾಮೈದನಿಗೆ ತೋರಿಸಿದರು. ಭಾಮೈದ ಕೂರಲೊಲ್ಲದೆ ಅವರನ್ನೇ ಕೂರಿಸಿದ. ಅಷ್ಟರಲ್ಲಿ ಫೋನು ಬಂತು. ಎಲ್ಲರಿಗೂ ಕೇಳಿಸುವಂತೆ ಅಕ್ಕ ಗುಂಡಿ ಒತ್ತಿದಳು. ಆ ಕಡೆ ಪ್ರಾಂತ ಸಮಿತಿಯ ಸಂಘಟಕರಿದ್ದರು.

ಸಂಘಟಕ: ಅಮ್ಮಾ, ಆ ಮುಳ್ಳುಕಡ್ಡಿ ವಿಚಾರ. ಸಿಕ್ಕನಾ ಅವನು?

ಅಕ್ಕ: ವರದಿ ಸಿದ್ಧವಾಗಿದೆ ಸಾರ್. ಓದ್ತೀನಿ.

ಸಂಘಟಕ: ಓದೋದು ಆಮೇಲೆ. ನೀವು ಕಳಿಸಿದ ನಲವತ್ತೊಂದನ್ನೂ ಅಧ್ಯಕ್ಷರು ನಿನ್ನೆ ಕೂತು ಓದಿದ್ರು. ಬಹಳ ಮೆಚ್ಚಿಕೊಂಡಿದ್ದಾರೆ.

ಅಕ್ಕ: ಮೆಚ್ಚಿಕೊಂಡ್ರಾ ಸಾರ್?

ಸಂಘಟಕ: ನಮ್ಮವರೆಲ್ಲ ಬೈತಾರಮ್ಮ. ಬೈದ್ರೆ ಬೈಸಿಕೊಂಡವನ ಮಾನ ಹೋಗುತ್ತೆ. ಈ ಮಹಾನುಭಾವ ಬೈದ್ರೆ ಮಾನ ಹೆಚ್ಚಾಗುತ್ತೆ. ಎಂಥ ಕೈ ನೋಡಿ. ಬರೋ ಚುನಾವಣೆಯಲ್ಲಿ ವಿರೋಧಿಗಳ ಹೆಸರಲ್ಲಿ ನಮ್ಮ ಅಧ್ಯಕ್ಷರನ್ನು ದಿನಾ ಹೀಗೆ ಬೈಯೋದಕ್ಕೆ ಒಬ್ಬರು ಬೇಕಾಗಿದ್ದಾರೆ. ಶಿಕ್ಷೆ ಗಿಕ್ಷೆ ಏನಿಲ್ಲ. ಜಿಲ್ಲಾ ಕಾರ್ಯದರ್ಶಿ ಸ್ಥಾನ ಅವರಿಗೇ. ಯಾರದು?

ಅಕ್ಕ ಹಾಳೆಯನ್ನು ನೋಡಿದಳು. ಸಹಿಗಳ ಶಾಯಿ ಇನ್ನೂ ಆರಿರಲಿಲ್ಲ.

ಭಾಮೈದ: ನಾನು ಸಾರ್.

ಅಕ್ಕ: ಲೋ.

ಭಾಮೈದ: ನಲವತ್ತೊಂದೂ ನಂದೇ ಸಾರ್. 'ಚಾಟಿ' ಬ್ಲಾಗಿನವನು ಮಾತಾಡ್ತಾ ಇರೋದು. ಆ ಸಪ್ಪೆತನ ಇದೆಯಲ್ಲ, ಅದನ್ನು ಬಹಳ ಕಷ್ಟಪಟ್ಟು ತಂದೆ.

ಭಾವ: ಸುಳ್ಳು ಸಾರ್. ಶುದ್ಧ ಸುಳ್ಳು. ಅದನ್ನು ಬರೆದವನು ನಾನು.

ಸಂಘಟಕ: ನೀವು ಯಾರು?

ಭಾವ: ನಾನು ದೂರು ಕೊಟ್ಟವನು ಸಾರ್. ಬೈಸಿಕೊಂಡವನು.

ಸಂಘಟಕ: ಬೈಸಿಕೊಂಡವರು ನೀವು. ಬೈದವರು?

ಭಾವ: ಅದೂ ನಾನೇ ಸಾರ್.

ಭಾಮೈದ: ನೀವೇ ಯೋಚನೆ ಮಾಡಿ ಸಾರ್. ತಲೆ ನೆಟ್ಟಗಿರೋ ಮನುಷ್ಯ ತನ್ನನ್ನು ತಾನೇ ಗಾಣದೆತ್ತು ಅಂತಾನಾ? ನಮ್ಮ ಭಾವನವರಿಗೆ ವಯಸ್ಸಾಗಿದೆ, ಪಾಪ.

ಭಾವ: ವಯಸ್ಸು ಯಾರಿಗೆ ಆಯ್ತೋ? ಒಂಬತ್ತು ಗಂಟೆ ತನಕ ಗೊರಕೆ ಹೊಡೆಯೋವನು ಆರೂವರೆಗೆ ಹೇಗೆ ಬರೆದ್ಯೋ? ಸಾರ್, ಇವನಿಗೆ ಹೊಗಳೋಕೇ ಬರಲ್ಲ. ಬೈಯೋದಂತೂ ದೂರದ ಮಾತು.

ಭಾಮೈದ: ಕುರ್ಚಿ ಮಾತನ್ನು ವಾಪಸ್ ಕೊಟ್ಟೆ ಭಾವ. ಇಟ್ಕೊಳ್ಳಿ.

ಭಾವ: ನೋಡಿ ಸಾರ್, ಇದೇ ಇವನ ಸೌಜನ್ಯ. ನಲವತ್ತೆರಡನೇದನ್ನು ಈಗಲೇ ಬಾಯಲ್ಲೇ ಹೇಳ್ತೀನಿ, ಕೇಳಿ. ಬರೆದವನು ನಾನು ಹೌದೋ ಅಲ್ಲವೋ ನೀವೇ ಹೇಳಿ. 'ಈತನ ತ್ಯಾಗಬುದ್ಧಿ ನೋಡಿ ನೋಡಿ ನಮಗೆ ಸಾಕಾಗಿದೆ...'

ಭಾಮೈದ: 'ಈತನ ವಿನಯ ಸಹಿಸಲಸಾಧ್ಯ...' ಅದು ನನ್ನದು ಸಾರ್.

ಫೋನಿನ ಎರಡು ಕಡೆ ಬಂದು ನಿಂತ ಇಬ್ಬರೂ ಒಟ್ಟಿಗೆ ಭಾವನನ್ನು ಬೈಯತೊಡಗಿದರು. ಸಂಘಟಕರು ಎರಡು ಸಲ 'ಹಲೋ' ಎಂದರು. ಮೂರನೆಯ ಸಲ ಅವರ ದನಿ ಏರಿತು.

ಸಂಘಟಕ: ಅಮ್ಮಾ, ಇವರಿಬ್ಬರನ್ನೂ ಸ್ವಲ್ಪ ಸುಮ್ಮನಿರಿಸಿ. ವಿಚಾರಣೆ ಮಾಡಿದವರು ನೀವು. ಬರೆದವರು ಎಷ್ಟು ಜನ ಅಂತ ನೀವಾದ್ರೂ ಹೇಳಿ.

ಅಕ್ಕ: ಹತ್ತು ನಿಮಿಷದ ಹಿಂದೆ ಒಬ್ಬರೂ ಇರಲಿಲ್ಲ ಸಾರ್, ಇಬ್ಬರೂ ಸಹಿ ಹಾಕಿದ್ದಾರೆ. ಸ್ಥಾನದ ಮಾತು ಎತ್ತಿದ ಮೇಲೆ ಇಬ್ಬರಾಗಿದ್ದಾರೆ. ನೀವು ಬೇಗ ಫೋನ್ ಇಡಿ ಸಾರ್, ಇನ್ನೂ ಸ್ವಲ್ಪ ಹೊತ್ತು ಮಾತಾಡ್ತಾ ಇದ್ರೆ ಅದನ್ನೆಲ್ಲ ನಾನೇ ಬರೆದೆನೇನೋ ಅಂತ ನನಗೂ ಅನ್ನಿಸೋಕೆ ಶುರುವಾಗುತ್ತೆ.